ಶುಕ್ರವಾರ ರಾತ್ರಿಯ ಅಡಿಕೆ ಸುಲಿತ, ಶನಿವಾರದ ಪಂದ್ಯ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ದಸರಾ ರಜೆ ಮುಗಿದ ಮೇಲೆ ಶುರುವಾದ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ಕಾಲೇಜು ತಂಡ ಅರ್ಧ ದಾರಿ ಮುಗಿಸಿದೆ. ಆರು ಕಾಲೇಜು, ತಲಾ ಹತ್ತು ಪಂದ್ಯ. ಐದು ಆಗಿವೆ, ಐದು ಬಾಕಿ. ಎರಡು ಗೆದ್ದೆವು, ಒಂದು ಸಮ, ಎರಡು ಸೋತೆವು. ಏಳು ಅಂಕ, ಮೂರನೇ ಸ್ಥಾನ. ಇಷ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಿರಬಹುದಿತ್ತು. ಆದರೆ ಸೋಲಿನಲ್ಲಿ ನಿಮ್ಮ ಮನೆಯ ಪಾಲೂ ಇದೆ, ನನ್ನ ಪಾಲೂ ಇದೆ ಅಂತ ಈಚೆಗೆ ಗೊತ್ತಾಯಿತು. ಅದಕ್ಕೇ ಈ ಪತ್ರ.

ನಮ್ಮ ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ಅಭ್ಯಾಸ. ಯಾವ ನಿಮಿಷಕ್ಕೆ ಗೋಲು ಬಿತ್ತು, ಯಾರ ಕಾಲಿಂದ ಚೆಂಡು ತಪ್ಪಿತು, ಎಲ್ಲವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಭದ್ರಾವತಿಯಲ್ಲಿ 4–1ರಿಂದ ಸೋತು ಬಂದಾಗ ನಾನು ಅವರನ್ನೇ ಕೊಠಡಿಗೆ ಕರೆದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದ್ದೆ. ಅವರು ಎದುರುತ್ತರ ಕೊಡಲಿಲ್ಲ, ನೋಟ್‌ಬುಕ್ ಮೇಜಿನ ಮೇಲಿಟ್ಟು ಹೋದರು. ನಾನು ಅದನ್ನು ಬಿಡಿಸಿ ನೋಡಿದ್ದು ಎರಡು ವಾರ ಕಳೆದ ಮೇಲೆ, ಶಿವಮೊಗ್ಗದಲ್ಲೂ ಸೋತ ನಂತರ. ಅಲ್ಲಿದ್ದ ಲೆಕ್ಕ ಹೀಗೆ: ಐದು ಪಂದ್ಯದಲ್ಲಿ ನಮಗೆ ಬಿದ್ದದ್ದು ಒಂಬತ್ತು ಗೋಲು. ಅದರಲ್ಲಿ ಏಳು ಕೊನೆಯ ಇಪ್ಪತ್ತು ನಿಮಿಷದಲ್ಲಿ. ನಮ್ಮ ಪಂದ್ಯ ಒಟ್ಟು ಎಪ್ಪತ್ತು ನಿಮಿಷದ್ದು. ಅಂದರೆ ಮೊದಲ ಐವತ್ತು ನಿಮಿಷ ನಮ್ಮ ಹುಡುಗರು ಈ ಲೀಗಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಸಾಗರದಲ್ಲಿ ಕೊನೆಯ ಐದು ನಿಮಿಷದವರೆಗೂ ನಾವೇ ಮುಂದಿದ್ದೆವು, 1–1 ಆಯಿತು. ಭದ್ರಾವತಿಯಲ್ಲಿ ವಿರಾಮಕ್ಕೆ 1–1. ಶಿವಮೊಗ್ಗದಲ್ಲಿ 1–0 ಮುಂದಿದ್ದವರು 3–1ರಿಂದ ಸೋತು ಬಂದರು.

ಶಿವಮೊಗ್ಗದ ಪಂದ್ಯಕ್ಕೆ ನಾನೂ ಹೋಗಿದ್ದೆ. ಐವತ್ತನೇ ನಿಮಿಷ ದಾಟಿದ ಮೇಲೆ ನಮ್ಮ ರೈಟ್ ಬ್ಯಾಕ್ ಹುಡುಗ, ಬಲಬದಿ ಕಾಯುವವನು, ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟ. ಎದುರಾಳಿ ಅವನ ಪಕ್ಕದಲ್ಲೇ ಚೆಂಡು ಹೊಡೆದುಕೊಂಡು ಹೋದರೂ ತಿರುಗಲು ಅವನಿಗೆ ಆಗಲಿಲ್ಲ. ಭಯವೂ ಅಲ್ಲ, ಉದಾಸೀನವೂ ಅಲ್ಲ. ಮೈಯಲ್ಲಿ ಏನೂ ಉಳಿದಿರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಸಮಾಧಾನಕ್ಕೆಂದು ಒಂದು ಕಥೆ ಶುರುಮಾಡಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿತ್ತು. ನಮ್ಮವರಲ್ಲಿ ಹೆಚ್ಚಿನವರದ್ದು ಬರಿಗಾಲು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು 1–1 ಮಾಡಿದರು. ನಮ್ಮವರಿಗೆ ಎರಡು ಪೆನಾಲ್ಟಿ ಕೈತಪ್ಪಿತು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಅಂಥವರಿಗೇ ಕೊನೆಗಳಿಗೆಯಲ್ಲಿ ಹೀಗಾಗಿದೆ, ನಿಮ್ಮದೇನು ಮಹಾ ಅಂತ ಹೇಳುವ ಹೊತ್ತಿಗೆ ಗಾಜನೂರು ದಾಟಿತ್ತು. ತಿರುಗಿ ನೋಡಿದರೆ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ. ಎಚ್ಚರವಿದ್ದವನು ಗೋಲ್‌ಕೀಪರ್ ಒಬ್ಬನೇ. ಅವನು ಕೇಳಿದ್ದು: "ಸಾರ್, ಅವರೂ ಹಿಂದಿನ ರಾತ್ರಿ ಅಡಿಕೆ ಸುಲಿದಿದ್ರಾ?"

ನಗು ಬಂತು. ಆಮೇಲೆ ಅವನ ಕೈ ನೋಡಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿದ ಗಾಯ. ಉಳಿದ ಬೆರಳೆಲ್ಲ ಅಡಿಕೆಯ ಚೊಗರು ಹಿಡಿದು ಕಪ್ಪು. ಗೋಲ್‌ಕೀಪರ್‌ಗೆ ಇರುವುದೇ ಎರಡು ಕೈ! ಮಂಡಗದ್ದೆ ಬರುವಷ್ಟರಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ. ಅಂದು ಆಡಿದ ಹನ್ನೊಂದು ಜನರಲ್ಲಿ ಎಂಟು ಜನ ಶುಕ್ರವಾರ ರಾತ್ರಿ ಹನ್ನೆರಡರವರೆಗೆ ಸುಲಿದು, ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಬಂದವರು.

ಆಮೇಲೆ ನೋಟ್‌ಬುಕ್ ಇನ್ನೊಮ್ಮೆ ತೆರೆದೆ. ಗೆದ್ದ ಎರಡು ಪಂದ್ಯ ಯಾವಾಗ? ಮೊದಲನೆಯದು ಹೊಸನಗರದವರ ಎದುರು, 2–1. ಆಗಿನ್ನೂ ಅಡಿಕೆ ಗೊನೆಯ ಕೊಯ್ಲು ಶುರುವಾಗಿರಲಿಲ್ಲ. ಎರಡನೆಯದು ಕೊಪ್ಪದವರ ಎದುರು, 2–0. ಅದು ನವೆಂಬರಿನಲ್ಲಿ ವಾಯುಭಾರ ಕುಸಿತದ ಮಳೆ ಹಿಡಿದು, ಮರ ಹತ್ತಲಾಗದೆ, ಬೇಯಿಸಿದ ಅಡಿಕೆ ಒಣಗದೆ ನೀವೆಲ್ಲ ತಲೆಮೇಲೆ ಕೈಹೊತ್ತು ಕೂತಿದ್ದ ವಾರ. ನಿಮಗೆ ನಷ್ಟವಾದ ಆ ವಾರ ಹುಡುಗರು ಕಣ್ತುಂಬ ನಿದ್ದೆ ಮಾಡಿದ್ದರು. ಆ ಪಂದ್ಯದ ಕೊನೆಯ ಇಪ್ಪತ್ತು ನಿಮಿಷದಲ್ಲಿ ಒಂದು ಗೋಲೂ ಬೀಳಲಿಲ್ಲ.

ನಾನು ಪೇಟೆಯಿಂದ ಬಂದು ಉಪದೇಶ ಮಾಡುತ್ತಿಲ್ಲ. ಜಗಲಿಯ ಬಲ್ಬಿನ ಕೆಳಗೆ ಒಂದು ಕಡೆ ಅಡಿಕೆ ರಾಶಿ, ಇನ್ನೊಂದು ಕಡೆ ಪುಸ್ತಕ ಇಟ್ಟುಕೊಂಡೇ ನಾನೂ ಓದಿದ್ದು. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ, ಅಡಿಕೆ ಬೇಯಿಸುವ ಹಂಡೆ ಉರಿಯುತ್ತಿರುವಾಗ ಕೈ ನಿಲ್ಲುವಂತಿಲ್ಲ, ಸುಲಿಯುವವರು ಸಿಗುವುದಿಲ್ಲ ಅನ್ನುವುದೆಲ್ಲ ಗೊತ್ತಿದೆ. ಕೊಳೆರೋಗ, ಎಲೆಚುಕ್ಕಿ ಎಲ್ಲ ಕಳೆದು ಕೈಗೆ ಬಂದದ್ದನ್ನು ಬಿಟ್ಟು ಚೆಂಡಿನ ಹಿಂದೆ ಹೋಗಿ ಅಂತ ಯಾರೂ ಹೇಳಲಾರರು. ಕೇಳುತ್ತಿರುವುದು ಐದು ಶುಕ್ರವಾರದ ರಾತ್ರಿ ಮಾತ್ರ. ಅಂದು ಒಂಬತ್ತೂವರೆಗೆ ಹುಡುಗನನ್ನು ಮಲಗಲು ಕಳುಹಿಸಿ. ಬೇಕಾದರೆ ಭಾನುವಾರ, ಸುಲಿದ ಅಡಿಕೆ ಅಳೆಯುವ ಡಬ್ಬದಲ್ಲಿ ಎರಡು ಡಬ್ಬ ಹೆಚ್ಚು ಸುಲಿಯಲಿ. ಈ ಮಾತಿಗೆ ತಂಡದವರೆಲ್ಲ ಒಪ್ಪಿದ್ದಾರೆ.

ಇನ್ನೊಂದು ಮಾತು ಬರೆಯುವುದು ಕಷ್ಟ. ನಮ್ಮ ತಂಡದ ಕೆಲವರು ಸುಲಿಯುವುದು ತಮ್ಮ ಮನೆಯ ಅಡಿಕೆಯನ್ನಲ್ಲ. ಬೇರೆಯವರ ಮನೆಗೆ ಡಬ್ಬದ ಲೆಕ್ಕದಲ್ಲಿ ಹೋಗುತ್ತಾರೆ, ಆ ದುಡ್ಡಿನಲ್ಲೇ ಬಸ್ಸಿನ ಪಾಸು, ಪುಸ್ತಕ. ಅವರಿಗೆ ಹೋಗಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಅವರು ಹೋಗುವ ಮನೆಯವರೂ ಈ ಪತ್ರ ಓದುತ್ತಿರುವ ಪೋಷಕರೇ. ಆ ಹುಡುಗರಿಗೆ ಶುಕ್ರವಾರದ ಬದಲು ಬೇರೆ ದಿನದ ಸುಲಿತ ಕೊಡಿ ಅಂತ ನಿಮ್ಮನ್ನೇ ಕೇಳುತ್ತೇನೆ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಈಗ ನನ್ನ ಪಾಲಿನ ತಪ್ಪು. ಪಂದ್ಯದ ಶನಿವಾರವೂ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ಇಟ್ಟವನು ನಾನೇ. ಹುಡುಗರು ಏಳಕ್ಕೆ ಮೊದಲೇ ನಾಲ್ಕು ತುತ್ತು ತಿಂದು ಬಂದು, ಮೂರೂವರೆಗೆ ಮೈದಾನಕ್ಕೆ ಇಳಿಯುತ್ತಿದ್ದರು. ಬಿಸಿಯೂಟ ಹತ್ತನೇ ತರಗತಿಗೇ ಮುಗಿಯುತ್ತದೆ, ಪಿಯುಸಿ ಮಕ್ಕಳಿಗೆ ಮನೆಯ ಊಟದ ಡಬ್ಬಿಯೇ ಗತಿ. ಆ ಡಬ್ಬಿ ಹತ್ತೂವರೆಯ ಬಿಡುವಿನಲ್ಲೇ ಖಾಲಿಯಾಗಿರುತ್ತದೆ, ನಾವೂ ಹಾಗೇ ಮಾಡಿದವರಲ್ಲವೇ. ಇನ್ನು ಮುಂದೆ ಪಂದ್ಯದ ದಿನ ವಿಶೇಷ ತರಗತಿ ಇಲ್ಲ. ಹನ್ನೆರಡೂವರೆಗೆ ಕಾಲೇಜಿನಲ್ಲೇ ಅನ್ನ, ಸಾರು, ಮಜ್ಜಿಗೆಯ ವ್ಯವಸ್ಥೆಯಾಗಿದೆ, ಖರ್ಚನ್ನು ನಾವು ಉಪನ್ಯಾಸಕರು ಹಂಚಿಕೊಂಡಿದ್ದೇವೆ. ನೀವು ವಿರಾಮದ ಹೊತ್ತಿಗೆ ಅಂತ ಬಾಳೆಹಣ್ಣು, ಒಂದು ಉಂಡೆ ಬೆಲ್ಲ ಕಳುಹಿಸಿದರೆ ಸಾಕು. ಪಂದ್ಯಕ್ಕೆ ಸ್ವಲ್ಪ ಮೊದಲು ಕಡುಬು ತಿನ್ನಿಸಬೇಡಿ. ಪ್ರೀತಿಯಿಂದ ಕೊಟ್ಟಿರುತ್ತೀರಿ, ಅವರಿಗೆ ಓಡಲು ಆಗುವುದಿಲ್ಲ.

"ಬಾಲ್ ಹಿಂದೆ ಓಡಿದರೆ ಮಾರ್ಕ್ಸ್ ಬರುತ್ತದಾ ಸಾರ್?" ಅಂತ ಮೂವರು ಪೋಷಕರು ಕೇಳಿದ್ದಾರೆ. ಬರುವುದಿಲ್ಲ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅಂಥ ತಂಡಕ್ಕೆ ನಿಮ್ಮ ಮಗ ಹೋಗುತ್ತಾನೆ ಅಂತ ಆಸೆ ಹುಟ್ಟಿಸುವುದೂ ಇಲ್ಲ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ತಂಡದ ಇಬ್ಬರ ಅಂಕ ಇಳಿದಿದೆ, ಒಬ್ಬನಿಗೆ ಭೌತಶಾಸ್ತ್ರ, ಇನ್ನೊಬ್ಬನಿಗೆ ಲೆಕ್ಕಶಾಸ್ತ್ರ. ಬುಧವಾರ ಸಂಜೆ ಅವರಿಗೆ ಅಭ್ಯಾಸದ ಬದಲು ಪಾಠ. ಇನ್ನೊಬ್ಬನ ಹಾಜರಾತಿ ಶೇ. 75ರ ಅಂಚಿಗೆ ಬಂದಿದೆ. ಪಂದ್ಯಗಳೆಲ್ಲ ಶನಿವಾರ ಮಧ್ಯಾಹ್ನ ಇರುವುದರಿಂದ ಅದಕ್ಕೆ ಫುಟ್‌ಬಾಲ್ ಕಾರಣವಲ್ಲ. ನಿಜವಾದ ಕಾರಣದ ಬಗ್ಗೆ ಅವನ ತಂದೆಯವರ ಬಳಿ ಮಾತನಾಡಿದ್ದೇನೆ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ವಾರ ಅಲ್ಲಿ ವ್ಯಾನು ಹೋಗುವುದೂ ಬರುವುದೂ ಕಷ್ಟ, ಆಟಗಾರರು ಸಿಗುವುದು ಇನ್ನೂ ಕಷ್ಟ. ಹಾಗಾಗಿ ಆ ಶನಿವಾರದ ಪಂದ್ಯವನ್ನು ಒಂದು ವಾರ ಮುಂದಕ್ಕೆ ಹಾಕಿಸಿದ್ದೇವೆ. ಭದ್ರಾವತಿ ಮತ್ತು ಶಿವಮೊಗ್ಗದವರು ಈ ಸಲ ನಮ್ಮ ಮೈದಾನಕ್ಕೇ ಬರುತ್ತಾರೆ. ಬಿಡುವಾದರೆ ಬನ್ನಿ. ಕೂರಲು ಕುರ್ಚಿಯಿಲ್ಲ, ದರೆಯ ಮೇಲಿನ ಹಲಸಿನ ಮರದ ಕೆಳಗೆ ನೆರಳಿದೆ. ಬೇರೆ ಊರುಗಳಲ್ಲಿನ ಪಂದ್ಯ ಮುಗಿದ ಮೇಲೆ ವ್ಯಾನು ಮೇಲಿನ ಕ್ರಾಸಿನವರೆಗೆ ಬರುತ್ತದೆ, ಏಳೂವರೆಗೆ ಟಾರ್ಚ್ ಹಿಡಿದು ಯಾರಾದರೂ ಬಂದಿರಿ.

ಡಬ್ಬಿಯ ಮೇಲೆ ಮಕ್ಕಳ ಹೆಸರು ಬರೆದು ಕಳುಹಿಸಿ. ವಾರಸುದಾರರಿಲ್ಲದ ನಾಲ್ಕು ಮುಚ್ಚಳ ನನ್ನ ಕಪಾಟಿನಲ್ಲಿವೆ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು