ಮೊದಲು ಯಾರ ಹತ್ತಿರ ಹೋಗುತ್ತೀಯ?

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನರ್ಸಿಂಗ್ ಕೋರ್ಸ್ ಮುಗಿಯಿತು ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಎನ್‌ಕ್ಲೆಕ್ಸ್ ಅನ್ನುವ ಅಮೆರಿಕದ ನರ್ಸುಗಳ ಅರ್ಹತಾ ಪರೀಕ್ಷೆ, ಲೈಸೆನ್ಸ್, ಕೆಲಸ ಹುಡುಕುವುದು, ಮೂರೂ ಒಟ್ಟಿಗೆ ತಲೆ ಮೇಲೆ ಕೂತಿವೆ ಎಂದು ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ನಾನು ಮರೆಯುತ್ತೇನೆ, ಇನ್ನರ್ಧ ನೀನು ಮರೆಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡೋಣ. ಲೈಸೆನ್ಸ್‌ಗೆ ಅರ್ಜಿ ಹಾಕುವುದು ನಿನ್ನ ರಾಜ್ಯದ ನರ್ಸಿಂಗ್ ಬೋರ್ಡಿಗೆ. ಪರೀಕ್ಷೆಗೆ ಹೆಸರು ಕೊಡುವುದು ಅದನ್ನು ನಡೆಸುವ ಕಂಪನಿ ಪಿಯರ್ಸನ್ ವ್ಯೂನಲ್ಲಿ. ಇವು ಎರಡು ಬೇರೆ ಕೆಲಸ, ಎರಡಕ್ಕೂ ಬೇರೆ ಬೇರೆ ಶುಲ್ಕ. ಪರೀಕ್ಷೆಯದ್ದು 200 ಡಾಲರ್. ಬೆರಳಚ್ಚು, ಹಿನ್ನೆಲೆ ತಪಾಸಣೆ, ಕಾಲೇಜಿನಿಂದ ಹೋಗಬೇಕಾದ ದಾಖಲೆ, ಇವುಗಳಲ್ಲಿ ಒಂದು ತಡವಾದರೂ ಎಲ್ಲವೂ ನಿಲ್ಲುತ್ತದೆ. ಬೋರ್ಡ್ ಒಪ್ಪಿದ ಮೇಲೆ ಎಟಿಟಿ ಬರುತ್ತದೆ, ಅಂದರೆ ಪರೀಕ್ಷೆ ಬರೆಯಲು ಅನುಮತಿ. ಅದಕ್ಕೆ ಸಾಮಾನ್ಯವಾಗಿ 90 ದಿನದ ಆಸುಪಾಸಿನ ಗಡುವು ಇರುತ್ತದೆ, ಅಷ್ಟರೊಳಗೆ ಬರೆಯಲೇಬೇಕು. ಅದರಲ್ಲಿರುವ ಹೆಸರು ನಿನ್ನ ಗುರುತಿನ ಚೀಟಿಯ ಹೆಸರಿಗೆ ಸರಿಯಾಗಿ ಹೊಂದಬೇಕು. ನಮ್ಮವರ ಹೆಸರುಗಳಲ್ಲಿ ಇನಿಷಿಯಲ್ ಎಲ್ಲಿ, ಸರ್‌ನೇಮ್ ಎಲ್ಲಿ ಅನ್ನುವ ಗೊಂದಲ ಇದ್ದೇ ಇರುತ್ತದೆ, ಅಲ್ವಾ? ಅರ್ಜಿ ತುಂಬುವಾಗ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡೇ ತುಂಬು. ನೀನಿರುವ ರಾಜ್ಯ, ಒಬ್ಬರ ಲೈಸೆನ್ಸ್ ಇನ್ನೊಬ್ಬರು ಒಪ್ಪುವ ರಾಜ್ಯಗಳ ಒಪ್ಪಂದವಾದ ಕಾಂಪ್ಯಾಕ್ಟ್‌ನಲ್ಲಿದ್ದರೆ ಮಲ್ಟಿಸ್ಟೇಟ್ ಲೈಸೆನ್ಸನ್ನೇ ಕೇಳು. ಸುಮಾರು 40 ರಾಜ್ಯಗಳಲ್ಲಿ ಅದೇ ಲೈಸೆನ್ಸ್ ನಡೆಯುತ್ತದೆ.

ದಿನಾಂಕ ಮುಂದೂಡಬೇಡ. ಇನ್ನೂ ಸ್ವಲ್ಪ ಓದಿಕೊಳ್ಳುತ್ತೇನೆ ಅಂತ ತಿಂಗಳುಗಟ್ಟಲೆ ಕಾಯುವವರನ್ನು ನೋಡಿದ್ದೇನೆ. ಕಾದಷ್ಟೂ ವಾರ್ಡಿನಲ್ಲಿ ಕಣ್ಣಾರೆ ಕಂಡದ್ದು ಮಾಸುತ್ತದೆ, ಹೆದರಿಕೆ ಮಾತ್ರ ಜಾಸ್ತಿಯಾಗುತ್ತದೆ. ಆರೆಂಟು ವಾರ ಗಟ್ಟಿಯಾಗಿ ಕೂತರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಪರೀಕ್ಷೆಗೆ ಬರೋಣ. ಇದು ಕಾಲೇಜಿನ ಪರೀಕ್ಷೆಯ ಹಾಗಲ್ಲ. ಕಂಪ್ಯೂಟರ್ ನಿನ್ನ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತದೆ. ಮಕ್ಕಳಿಗೆ ಹೈಜಂಪ್ ಕಲಿಸುವಾಗ ಹಾರಿದರೆ ಕೋಲು ಏರಿಸಿ, ತಗುಲಿದರೆ ಇಳಿಸುತ್ತಾರಲ್ಲ, ಹಾಗೆ. ಕಡಿಮೆ ಎಂದರೆ 85 ಪ್ರಶ್ನೆ, ಹೆಚ್ಚೆಂದರೆ 150. ಸಮಯ 5 ಗಂಟೆ, ವಿರಾಮವೂ ಅದರಲ್ಲೇ ಸೇರಿದೆ. ನೀನು ಪಾಸಿನ ಗೆರೆಗಿಂತ ಮೇಲಿದ್ದೀಯೋ ಕೆಳಗಿದ್ದೀಯೋ ಎಂದು ಶೇ. 95ರಷ್ಟು ಖಾತ್ರಿಯಾದ ಕೂಡಲೇ ಅದು ನಿಲ್ಲುತ್ತದೆ. ಹಾಗಾಗಿ 85ಕ್ಕೆ ನಿಂತರೆ ಪಾಸು, 150ಕ್ಕೆ ಹೋದರೆ ಫೇಲು ಅನ್ನುವ ಮಾತು ಸುಳ್ಳು. ನೂರು ದಾಟಿತು ಅಂತ ಎದೆಗುಂದಬೇಡ. ಇನ್ನೂ ಪ್ರಶ್ನೆ ಬರುತ್ತಿದೆ ಅಂದರೆ ನಿನಗೆ ಇನ್ನೂ ಅವಕಾಶ ಇದೆ ಎಂದೇ ಅರ್ಥ. ಹಿಂದಿನ ಪ್ರಶ್ನೆಗೆ ವಾಪಸು ಹೋಗುವಂತಿಲ್ಲ. ಒತ್ತಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟುಬಿಡು.

ಕಷ್ಟವೆನಿಸಿದರೆ ಅದೂ ಒಳ್ಳೆಯದೇ. ಈ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುತ್ತಿರುವವರಿಗೂ ಸುಮಾರು ಅರ್ಧ ತಪ್ಪಾಗುತ್ತಿದೆ ಅನ್ನಿಸುತ್ತದೆ. ಮೆಷಿನ್ ಹಾಗೆಯೇ ಹಿಡಿದುಕೊಂಡು ಹೋಗುತ್ತದೆ.

2023ರ ಏಪ್ರಿಲ್‌ನಿಂದ ಪರೀಕ್ಷೆಯ ರೂಪ ಬದಲಾಗಿದೆ. ಹಳೆಯ ಪುಸ್ತಕ ಯಾರಾದರೂ ಪುಕ್ಕಟೆ ಕೊಟ್ಟರೂ ಅದನ್ನೇ ನಂಬಿ ಕೂರಬೇಡ. ಈಗ ಕೇಸ್ ಸ್ಟಡಿಗಳಿವೆ. ಒಬ್ಬನೇ ರೋಗಿಯ ಚಾರ್ಟ್ ಕೊಟ್ಟು, ಅವನ ಸ್ಥಿತಿ ಬದಲಾಗುತ್ತಾ ಹೋದಂತೆ ಆರು ಪ್ರಶ್ನೆ ಕೇಳುತ್ತಾರೆ. ಏನು ಗಮನಿಸಿದೆ, ಅದರ ಅರ್ಥವೇನು, ಯಾವುದು ಹೆಚ್ಚು ಅಪಾಯ, ಏನು ಮಾಡಬಹುದು, ಏನು ಮಾಡುತ್ತೀಯ, ಮಾಡಿದ್ದು ಕೆಲಸ ಮಾಡಿತಾ? ಈ ಆರನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಒಳ್ಳೆಯ ನರ್ಸ್ ಕೋಣೆಯೊಳಗೆ ಕಾಲಿಟ್ಟಾಗ ಅವಳ ತಲೆಯಲ್ಲಿ ಓಡುವುದೇ ಇದು. ಸರಿಯಾದವೆಲ್ಲವನ್ನೂ ಆರಿಸು ಅನ್ನುವ ಪ್ರಶ್ನೆಗಳಿಗೆ ಈಗ ಭಾಗಶಃ ಅಂಕ ಸಿಗುತ್ತದೆ. ಆದರೆ ಅಲ್ಲಿ ತಪ್ಪು ಆಯ್ಕೆ ಸರಿಯಾದದ್ದರ ಅಂಕವನ್ನು ತಿಂದುಹಾಕುತ್ತದೆ. ಇರಲಿ ಅಂತ ಸುಮ್ನೆ ಎಲ್ಲವನ್ನೂ ಒತ್ತಬೇಡ.

ಒಂದು ಉದಾಹರಣೆ ಕೊಡುತ್ತೇನೆ, ಯೋಚಿಸಿ ನೋಡು. ನಿನ್ನ ಕೈಯಲ್ಲಿ ನಾಲ್ವರು ರೋಗಿಗಳು. ಒಬ್ಬರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಎಂಟು ಅನ್ನುತ್ತಿದ್ದಾರೆ. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮೊದಲು 210 ಇದೆ. ಮೂರನೆಯವರು ಮನೆಗೆ ಹೊರಟಿದ್ದಾರೆ, ಪೇಪರ್ ಎಲ್ಲಿ ಅಂತ ಮೂರು ಸಲ ಬೆಲ್ ಒತ್ತಿದ್ದಾರೆ. ನಾಲ್ಕನೆಯವರಿಗೆ ಮೊನ್ನೆ ಸೊಂಟದ ಮೂಳೆಯ ಆಪರೇಷನ್ ಆಗಿದೆ. ಬೆಳಿಗ್ಗೆ ಚೆನ್ನಾಗಿಯೇ ಇದ್ದವರು ಈಗ ಯಾಕೋ ಚಡಪಡಿಸುತ್ತಿದ್ದಾರೆ, ಹಾಸಿಗೆಯ ಮೇಲೆ ಎದ್ದು ಕೂರಲು ನೋಡುತ್ತಿದ್ದಾರೆ. ಮೊದಲು ಯಾರ ಹತ್ತಿರ ಹೋಗುತ್ತೀಯ?

ಜೋರಾಗಿ ಕರೆಯುವವರು ಮೂರನೆಯವರು. ಕಣ್ಣಿಗೆ ಕಷ್ಟ ಕಾಣುವುದು ಮೊದಲನೆಯವರದ್ದು. ಆದರೆ ಹೋಗಬೇಕಾದದ್ದು ನಾಲ್ಕನೆಯವರ ಹತ್ತಿರ. ಸೊಂಟದ ಆಪರೇಷನ್ ಆದವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಇದ್ದಕ್ಕಿದ್ದಂತೆ ಬರುವ ಚಡಪಡಿಕೆ ಎಷ್ಟೋ ಸಲ ಆಮ್ಲಜನಕ ಕಡಿಮೆಯಾದದ್ದರ ಮೊದಲ ಗುರುತು. ಉಸಿರಾಟ ನಿಮಿಷಕ್ಕೆ ಎಷ್ಟು ಎಂದು ನೀನೇ ಎಣಿಸು. 12ರಿಂದ 20 ಇರಬೇಕಾದದ್ದು 30 ಇದೆಯಾ? ಆಕ್ಸಿಜನ್ ಎಷ್ಟು ತೋರಿಸುತ್ತಿದೆ? ಹಾಸಿಗೆಯ ತಲೆಭಾಗ ಎತ್ತರಿಸು, ಅಲ್ಲೇ ನಿಂತು ಸಹಾಯಕ್ಕೆ ಕೂಗು. ನೋವಿನ ಮಾತ್ರೆ ಹತ್ತು ನಿಮಿಷ ಕಾಯಬಹುದು. ಇವರು ಕಾಯುವಂತಿಲ್ಲ.

ಪುಟ್ಟಿ, ನಾನು ನಿನಗೆ ಹೇಳಬೇಕೆಂದಿರುವುದು ಇದನ್ನೇ. ಎನ್‌ಕ್ಲೆಕ್ಸ್ ಕೇಳುವುದು ಇದನ್ನು. ಇಂಟರ್ವ್ಯೂನಲ್ಲಿ ಕೇಳುವುದೂ ಇದನ್ನು. ಕೆಲಸಕ್ಕೆ ಸೇರಿದ ಮೇಲೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಹಿಂದಿನ ಪಾಳಿಯವರಿಂದ ರಿಪೋರ್ಟ್ ತೆಗೆದುಕೊಂಡು ನಿಂತಾಗ ನಿನ್ನನ್ನು ನೀನೇ ಕೇಳಿಕೊಳ್ಳಬೇಕಾದದ್ದೂ ಇದನ್ನೇ. ಮೂರಕ್ಕೂ ಬೇರೆ ಬೇರೆ ತಯಾರಿ ಅಂತ ತಲೆಬಿಸಿ ಮಾಡಿಕೊಳ್ಳಬೇಡ.

ಅದಕ್ಕೇ ಅಭ್ಯಾಸದ ಪ್ರಶ್ನೆ ಎಷ್ಟು ಮಾಡಿದೆ ಅನ್ನುವುದಕ್ಕಿಂತ ಹೇಗೆ ಮಾಡಿದೆ ಅನ್ನುವುದು ಮುಖ್ಯ. ದಿನಕ್ಕೆ ಐವತ್ತು ಸಾಕು. ಆದರೆ ಒಂದೊಂದರ ವಿವರಣೆಯನ್ನೂ ಓದು, ಸರಿ ಬಂದದ್ದರದ್ದೂ ಓದು. ಊಹೆಯಿಂದ ಸರಿ ಬಂದದ್ದು ನಿನ್ನದಲ್ಲ. ತಪ್ಪಾದಾಗ ಯಾಕೆ ತಪ್ಪಾಯಿತು ಎಂದು ಒಂದು ಸಾಲು ಬರೆದಿಡು. ವಿಷಯ ಗೊತ್ತಿರಲಿಲ್ಲವಾ, ಪ್ರಶ್ನೆ ಸರಿಯಾಗಿ ಓದಲಿಲ್ಲವಾ, ಅಥವಾ ಗಾಬರಿಯಲ್ಲಿ ಉತ್ತರ ಬದಲಿಸಿದೆಯಾ? ಎರಡು ವಾರದಲ್ಲಿ ನಿನ್ನ ಅಭ್ಯಾಸ ಏನು ಅಂತ ನಿನಗೇ ಗೊತ್ತಾಗುತ್ತದೆ. ಇನ್ನೊಂದು ಮಾತು. "ಡಾಕ್ಟರಿಗೆ ತಿಳಿಸು" ಅನ್ನುವ ಉತ್ತರ ಕಂಡ ಕೂಡಲೇ ಒತ್ತಬೇಡ. ಅದಕ್ಕೂ ಮೊದಲು ನೀನು ನೋಡಬೇಕಾದದ್ದು, ಮಾಡಬೇಕಾದದ್ದು ಇದೆಯಾ ಎಂದು ಯೋಚಿಸು. ಎಲ್ಲವನ್ನೂ ನೋಡಿಯಾಗಿದೆ, ಅಪಾಯ ಸ್ಪಷ್ಟವಾಗಿದೆ ಅಂದರೆ ಆಗ ಅದೇ ಸರಿ ಉತ್ತರ.

ಬರೆದು ಬಂದ ಮೇಲೆ ಫಲಿತಾಂಶಕ್ಕೆ ಅಡ್ಡದಾರಿ ಹುಡುಕಬೇಡ. ಹೆಚ್ಚಿನ ರಾಜ್ಯಗಳಲ್ಲಿ ಎರಡು ಕೆಲಸದ ದಿನಗಳ ನಂತರ ಸಣ್ಣ ಶುಲ್ಕ ಕಟ್ಟಿ ನೋಡಬಹುದು. ಒಂದು ವೇಳೆ ಆಗಲಿಲ್ಲ ಅನ್ನು, 45 ದಿನ ಬಿಟ್ಟು ಮತ್ತೆ ಬರೆಯಬಹುದು. ಯಾವ ಭಾಗದಲ್ಲಿ ಗೆರೆಗಿಂತ ಮೇಲೆ, ಯಾವುದರಲ್ಲಿ ಕೆಳಗೆ ಎಂದು ತೋರಿಸುವ ಒಂದು ವರದಿ ಕಳಿಸುತ್ತಾರೆ. ಅದನ್ನು ಹಿಡಿದುಕೊಂಡು ಓದು. ಎರಡನೆಯ ಸಲ ಪಾಸಾದ ಎಷ್ಟೋ ಜನರ ಜೊತೆ ನಾನು ಕೆಲಸ ಮಾಡಿದ್ದೇನೆ. ಅವರಲ್ಲಿ ಕೆಲವರ ಕೈಯಲ್ಲಿ ನನ್ನ ಸ್ವಂತ ಅಣ್ಣನನ್ನು ಕಣ್ಣುಮುಚ್ಚಿ ಬಿಡುತ್ತೇನೆ.

ಕೆಲಸ ಹುಡುಕಲು ಲೈಸೆನ್ಸ್ ಬರಲಿ ಎಂದು ಕಾಯಬೇಡ. ಹೊಸಬರಿಗಾಗಿಯೇ ಇರುವ ನರ್ಸ್ ರೆಸಿಡೆನ್ಸಿ ಅನ್ನುವ ತರಬೇತಿ ಕೆಲಸಗಳಿಗೆ ವರ್ಷದಲ್ಲಿ ಕೆಲವೇ ಸಲ ಅರ್ಜಿ ಕರೆಯುತ್ತಾರೆ, ಅದೂ ಸೇರುವುದಕ್ಕೆ ತಿಂಗಳುಗಳ ಮುಂಚೆ. ಪರೀಕ್ಷೆ ಪಾಸಾಗಬೇಕು ಅನ್ನುವ ಷರತ್ತಿನ ಮೇಲೆ ಕೆಲಸ ಕೊಡುವ ಆಸ್ಪತ್ರೆಗಳು ಬೇಕಾದಷ್ಟಿವೆ. ನೀನು ಕೊನೆಯ ಸೆಮಿಸ್ಟರ್ ಮಾಡಿದ ವಾರ್ಡಿನ ಮ್ಯಾನೇಜರಿಗೆ ಮೊದಲು ಬರೆ. ಅವರು ನಿನ್ನ ಕೆಲಸ ನೋಡಿದ್ದಾರೆ, ಅದಕ್ಕಿಂತ ದೊಡ್ಡ ಶಿಫಾರಸು ಬೇರೆ ಇಲ್ಲ. ರೆಸ್ಯೂಮೆಯಲ್ಲಿ ಶ್ರಮಜೀವಿ, ಕರುಣಾಮಯಿ ಅಂತೆಲ್ಲ ಬರೆಯಬೇಡ, ಎಲ್ಲರೂ ಬರೆಯುತ್ತಾರೆ. ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಇದ್ದೆ, ಒಟ್ಟಿಗೆ ಎಷ್ಟು ರೋಗಿಗಳನ್ನು ನೋಡಿಕೊಂಡೆ, ಯಾವ ಚಾರ್ಟಿಂಗ್ ಸಾಫ್ಟ್‌ವೇರ್ ಬಳಸಿದೆ ಎಂದು ಬರೆ. ಬಿಎಲ್‌ಎಸ್ ಅನ್ನುವ ಮೂಲ ಜೀವರಕ್ಷಣೆಯ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಎಸಿಎಲ್‌ಎಸ್‌ಗೆ, ಅಂದರೆ ಅದರ ಮುಂದಿನ ಹಂತಕ್ಕೆ, ಈಗಲೇ ನಿನ್ನ ದುಡ್ಡು ಹಾಕಬೇಡ. ಅದು ಬೇಕಾದ ವಾರ್ಡಿಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಅವರೇ ಮಾಡಿಸುತ್ತಾರೆ.

ಹೊಸಬರ ಇಂಟರ್ವ್ಯೂಗಳಲ್ಲಿ ನಾನು ಟೇಬಲ್ಲಿನ ಆ ಕಡೆ ಕೂತಿದ್ದೇನೆ. ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಗಮನಿಸಿದ ಒಂದು ಸಂದರ್ಭ ಹೇಳಿ ಅಂತ ಕೇಳುತ್ತೇವೆ. ಹೆಚ್ಚಿನವರು ನಾನು ಯಾವಾಗಲೂ ಎಚ್ಚರದಿಂದಿರುತ್ತೇನೆ ಅನ್ನುತ್ತಾರೆ. ಅದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಒಬ್ಬಳು ಹುಡುಗಿ ಹೇಳಿದ್ದು ಈಗಲೂ ನೆನಪಿದೆ. "ನಾಡಿ ಬೆಳಿಗ್ಗೆ 84 ಇತ್ತು, ಮಧ್ಯಾಹ್ನ 112 ಆಗಿತ್ತು. ಬಿಪಿ ಇನ್ನೂ ಸರಿಯಾಗಿಯೇ ಇತ್ತು. ಆದರೆ ಡ್ರೆಸ್ಸಿಂಗ್ ಕೆಳಗಿನ ಚಾದರ ಒದ್ದೆಯಾಗಿತ್ತು. ನನಗೆ ಖಾತ್ರಿ ಇರಲಿಲ್ಲ, ಆದರೂ ನನ್ನ ಮೇಲ್ವಿಚಾರಣೆ ಮಾಡುತ್ತಿದ್ದ ನರ್ಸನ್ನು ಕರೆದುಕೊಂಡು ಬಂದು ತೋರಿಸಿದೆ." ಅವಳು ಕೋಣೆಯಿಂದ ಹೊರಗೆ ಹೋಗುವ ಮೊದಲೇ ನಾವು ತೀರ್ಮಾನ ಮಾಡಿಯಾಗಿತ್ತು. ನೀನೂ ಇಂಥ ಮೂರ್ನಾಲ್ಕು ಸಂದರ್ಭಗಳನ್ನು ನೆನಪು ಮಾಡಿಕೊಂಡು ಹೋಗು, ರೋಗಿಯ ಗುರುತು ಮಾತ್ರ ಸಿಗಬಾರದು. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ, ಹೀಗೆ ವಿಚಾರಿಸುತ್ತೇನೆ ಎನ್ನು. ಗೊತ್ತಿಲ್ಲ ಅನ್ನಲು ಬಾರದ ಹೊಸಬರನ್ನು ಕಂಡರೆ ನಮಗೆ ಹೆದರಿಕೆಯಾಗುತ್ತದೆ.

ನೀನೂ ಅವರನ್ನು ಪ್ರಶ್ನೆ ಕೇಳಬೇಕು. ಇದರಲ್ಲಿ ಸಂಕೋಚ ಬೇಡವೇ ಬೇಡ. ಓರಿಯೆಂಟೇಶನ್ ಎಷ್ಟು ವಾರ? ಜೊತೆಗಿದ್ದು ಕಲಿಸುವ ಪ್ರಿಸೆಪ್ಟರ್ ಒಬ್ಬರೇ ಇರುತ್ತಾರಾ ಅಥವಾ ದಿನಕ್ಕೊಬ್ಬರಾ? ಆ ವಾರಗಳು ಮುಗಿದರೂ ನಾನು ತಯಾರಾಗದಿದ್ದರೆ ಏನು ಮಾಡುತ್ತೀರಿ? ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಮೊದಲ ವರ್ಷ ಬೇರೆ ವಾರ್ಡಿಗೆ ಕಳಿಸುತ್ತೀರಾ? ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬ ನರ್ಸಿಗೆ ಕೊಡುವ ರೋಗಿಗಳ ಸಂಖ್ಯೆಗೆ ಕಾನೂನಿನ ಮಿತಿ ಇದೆ. ಐಸಿಯುನಲ್ಲಿ ಇಬ್ಬರಿಗಿಂತ, ಸಾಮಾನ್ಯ ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಐವರಿಗಿಂತ ಹೆಚ್ಚು ಕೊಡುವಂತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಇಂಥ ಕಾನೂನಿಲ್ಲ, ಆಸ್ಪತ್ರೆ ಹೇಳಿದ್ದೇ ಲೆಕ್ಕ. ಅದಕ್ಕೇ ಕೇಳಬೇಕು. ಉತ್ತರ ತೇಲಿಸಿದರೆ ಅದನ್ನೇ ಉತ್ತರ ಅಂತ ತಿಳಿ.

ಕೆಲಸಕ್ಕೆ ಸೇರಿದ್ದಕ್ಕೆ ಕೊಡುವ ಸೈನ್-ಆನ್ ಬೋನಸ್ ಬಗ್ಗೆ ತುಂಬಾ ಎಚ್ಚರ. ದೊಡ್ಡ ಮೊತ್ತ ನೋಡಿ ಸಹಿ ಹಾಕುವವರು ಕೆಳಗಿನ ಸಣ್ಣಕ್ಷರ ಓದುವುದಿಲ್ಲ. ಎರಡು ವರ್ಷದೊಳಗೆ ಬಿಟ್ಟರೆ ವಾಪಸು ಕೊಡಬೇಕು ಅಂತ ಇರುತ್ತದೆ. ಕೆಲವು ಕಡೆ ತೆರಿಗೆ ಕಳೆದು ನಿನ್ನ ಕೈಗೆ ಬಂದದ್ದಲ್ಲ, ಕಳೆಯುವ ಮೊದಲಿನ ಪೂರ್ತಿ ಮೊತ್ತ ಕೇಳುತ್ತಾರೆ. ಜನ ನಿಲ್ಲದ ವಾರ್ಡಿಗೇ ಬೋನಸ್ ಜಾಸ್ತಿ ಇರುವುದು. ಕಡಿಮೆ ದುಡ್ಡು ಕೊಟ್ಟರೂ ಸರಿ, ಒಂದು ವರ್ಷ ಚೆನ್ನಾಗಿ ಕಲಿಸುವ ಜಾಗ ಸಿಕ್ಕರೆ ಬಿಡಬೇಡ. ಎಲ್ಲರೂ ಮೊದಲು ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲೇ ದುಡಿಯಬೇಕು ಅನ್ನುವ ಹಳಬರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಐಸಿಯುನಲ್ಲಿ ಕೈಹಿಡಿದು ಕಲಿಸುವ ರೆಸಿಡೆನ್ಸಿ ಇದ್ದರೆ ಅಲ್ಲಿಗೇ ಹೋಗು. ಕಲಿಸುವವರು ಮುಖ್ಯ, ವಾರ್ಡಿನ ಹೆಸರಲ್ಲ.

ಮೊದಲ ತಿಂಗಳುಗಳ ಬಗ್ಗೆ ಎರಡೇ ಮಾತು. ಗೊತ್ತಿಲ್ಲದ ಔಷಧಿಯನ್ನು ನೋಡಿ ತಿಳಿದುಕೊಳ್ಳದೆ ಕೊಡಬೇಡ, ಯಾರು ಎಷ್ಟೇ ಅವಸರ ಮಾಡಲಿ. ಪೊಟ್ಯಾಸಿಯಂ ಅನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಬಿಡುತ್ತದೆ ಅನ್ನುವಂಥದ್ದು ಪುಸ್ತಕದಲ್ಲಿ ಒಂದು ಸಾಲು ಅಷ್ಟೇ, ನಿನ್ನ ಕೈಯಲ್ಲಿ ಒಂದು ಜೀವ.

ರಾತ್ರಿ ಮೂರು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಲು ಹೆದರಬೇಡ, ಆದರೆ ತಯಾರಾಗಿ ಮಾಡು. ಎಸ್‌ಬಾರ್ ಕಲಿಸಿರುತ್ತಾರಲ್ಲ, ಸ್ಥಿತಿ, ಹಿನ್ನೆಲೆ, ನಿನ್ನ ಅಂದಾಜು, ಏನು ಬೇಕು ಎಂದು ಕ್ರಮವಾಗಿ ಹೇಳುವುದು, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಮಾಡು. "412ನೇ ಕೋಣೆಯ ರೋಗಿಯ ಉಸಿರಾಟ ಏರಿದೆ. ಎರಡು ದಿನದ ಹಿಂದೆ ಸೊಂಟದ ಆಪರೇಷನ್ ಆಗಿದೆ. ಈಗ ನಿಮಿಷಕ್ಕೆ 30, ಆಕ್ಸಿಜನ್ 88, ನಾಡಿ 120. ಹೆಪ್ಪು ಹೋಗಿರಬಹುದೆಂದು ನನಗೆ ಆತಂಕ. ನೀವು ಈಗಲೇ ಬಂದು ನೋಡಬೇಕು." ಇಷ್ಟೇ. ಕ್ಷಮಿಸಿ, ತೊಂದರೆ ಕೊಟ್ಟೆ ಅಂತ ಶುರುಮಾಡಬೇಡ. ಅವರು ಸಿಡುಕಿದರೆ ಸಿಡುಕಲಿ. ಬರುವುದಿಲ್ಲ ಅಂದರೆ ಪಾಳಿಯ ಉಸ್ತುವಾರಿ ನೋಡುವ ಚಾರ್ಜ್ ನರ್ಸಿಗೆ ಹೇಳು, ರ‍್ಯಾಪಿಡ್ ರೆಸ್ಪಾನ್ಸ್ ಅನ್ನುವ ತುರ್ತು ತಂಡವನ್ನು ಕರೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ರೆಸ್ಯೂಮೆ ಹೇಗಿದ್ದರೆ ಹಾಗೆ ನನಗೆ ಕಳಿಸು, ಚಂದ ಮಾಡಿ ಕಳಿಸುತ್ತೇನೆ ಅಂತ ಕಾಯಬೇಡ. ಗುರುವಾರ ನನಗೆ ರಜೆ. ಕೂತು ತಿದ್ದೋಣ, ಆಮೇಲೆ ಫೋನಿನಲ್ಲೇ ನಾನು ಮ್ಯಾನೇಜರ್ ಆಗಿ ನಿನ್ನನ್ನು ಒಂದು ಗಂಟೆ ಪ್ರಶ್ನೆ ಕೇಳುತ್ತೇನೆ. ಎಟಿಟಿ ಬಂದ ದಿನ ದಿನಾಂಕ ಗೊತ್ತುಮಾಡಿ ತಿಳಿಸು.

ಇಂತಿ,
ನಿನ್ನ ಅತ್ತೆ