ಭಾನುವಾರದ ನಡಿಗೆ, ಜೊತೆಗೆ ಆ ಸೇತುವೆ ವಿಷಯ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆ ಹೋಗಿದ್ದವನು ಮೊನ್ನೆ ಮೈಸೂರಿಗೆ ವಾಪಸ್ ಬಂದೆ. ನಾನು ಹಾಕಿದ ಫೋಟೊದಲ್ಲಿರುವ ಸೇತುವೆ ಯಾವುದು ಅಂತ ಸುಮಾರು ಜನ ಕೇಳಿದ್ದೀರಿ. ಅದು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಹಡ್ಸನ್ ನದಿಗೆ ಕಟ್ಟಿದ ರೈಲು ಸೇತುವೆ. 1889ರಲ್ಲಿ ಶುರುವಾಗಿದ್ದು, 1974ರಲ್ಲಿ ಬೆಂಕಿ ಬಿದ್ದು ರೈಲು ನಿಂತೇ ಹೋಯಿತು. ಮೂವತ್ತೈದು ವರ್ಷ ಸುಮ್ನೆ ನಿಂತಿದ್ದಕ್ಕೆ ಕಾಂಕ್ರೀಟ್ ಹಾಸಿ 2009ರಲ್ಲಿ ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟರು. ದಡದಿಂದ ದಡಕ್ಕೆ 2 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಹೋಗಿ ಬಂದರೆ ಹೆಚ್ಚುಕಡಿಮೆ ನಮ್ಮ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಅಲ್ವಾ? ಟಿಕೆಟ್ ಇಲ್ಲ. ನೀರಿನಿಂದ 212 ಅಡಿ ಎತ್ತರ, ಕಂಬಿ ಹಿಡಿದು ಬಗ್ಗಿ ನೋಡಿದರೆ ದಡದಲ್ಲಿ ಹೋಗುವ ರೈಲು ಜಾತ್ರೆಯಲ್ಲಿ ಕೊಂಡ ಆಟಿಕೆ ಥರ ಕಾಣುತ್ತೆ, ನನಗಂತೂ ಅಂಗಾಲು ಜುಮ್ ಅಂತು.

ಈಗ ಮುಖ್ಯ ವಿಷಯ. ಈ ಭಾನುವಾರ ಶ್ರೀರಂಗಪಟ್ಟಣ. 1804ರ ಕಲ್ಲಿನ ವೆಲ್ಲೆಸ್ಲಿ ಸೇತುವೆ ನೋಡೋಣ. ಆದರೆ ಅಲ್ಲಿನ ರೈಲು ಸೇತುವೆ ಮೇಲೆ ಯಾರೂ ಹತ್ತಬೇಡಿ, ಅದರ ಮೇಲೆ ಈಗಲೂ ಗಾಡಿ ಓಡುತ್ತೆ. ಕಳೆದ ಸಲ ಸೆಲ್ಫಿಗೆ ಅಂತ ಹತ್ತಲು ಹೊರಟವರು ಯಾರು ಅಂತ ಗೊತ್ತು, ಹೆಸರು ಹೇಳಲ್ಲ. ಬೆಳಿಗ್ಗೆ 6ಕ್ಕೆ ಹೊರಡೋಣ. ನೀರು, ಟೋಪಿ ತನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಬ್ಬೆಟ್ಟು ಒತ್ತಿ.