ಐದು ಕೋಟಿ ಬರೋವರೆಗೂ ಕಾಯಬೇಡ

ಹಾಸನ

ಪುಟ್ಟಿ,

ಹುರಿಹಿಟ್ಟಿನ ಘಟಕಕ್ಕೆ ಬೀಗ ಹಾಕಿದೆ ಅಂತ ನೀನು ಫೋನಿನಲ್ಲಿ ಹೇಳಿದಾಗ ಅಮ್ಮ "ಊಟ ಆಯ್ತಾ" ಎಂದಳು, ನಾನು "ಬಾಡಿಗೆ ಎಷ್ಟು ಬಾಕಿ" ಎಂದೆ. ಪಂಪ್‌ಸೆಟ್ ಅಂಗಡಿಯವನ ಬಾಯಲ್ಲಿ ಇನ್ನೇನು ಬರುತ್ತೆ? "ದೊಡ್ಡದಾಗಿ ಬೆಳೆದು ಊರಿಗೆ ಏನಾದರೂ ಮಾಡಬೇಕು ಅಂದ್ಕೊಂಡಿದ್ದೆ ಅಪ್ಪ, ಈಗ ಅದೂ ಹೋಯ್ತು" ಅಂದೆಯಲ್ಲ, ಆ ಮಾತು ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಈ ಪತ್ರ.

ಅದು ಹೋಗಿಲ್ಲ ಕಣಮ್ಮ. ಅರಸೀಕೆರೆ ಕಡೆಯ ರಾಗಿ ತಂದು ಹುರಿಹಿಟ್ಟು ಮಾಡಿ ಬೆಂಗಳೂರಿನವರಿಗೆ ತಿನ್ನಿಸಿದೆ. ಯಂತ್ರ ಬೇಡ, ಮರಳಲ್ಲೇ ಹುರೀಬೇಕು ಅಂತ ಹಟ ಹಿಡಿದೆ. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಕಾದ ಮರಳಿಗೆ ಹಿಡಿ ಹಿಡಿಯಾಗಿ ಸುರಿದರೆ ಅದು ಚಟಪಟ ಅಂತ ಬೆಳ್ಳಗೆ ಅರಳಬೇಕು. ಜರಡಿ ಹಿಡಿಯುವಾಗ ಒಂದು ಚೂರು ಮರಳು ಉಳಿದರೂ ಹಲ್ಲಿಗೆ ಸಿಕ್ಕಿ ಹೆಸರು ಕೆಡುತ್ತೆ. ಆ ಕೈಗೆಲಸ ಗೊತ್ತಿದ್ದ ಹೆಂಗಸರನ್ನು ಹುಡುಕಿ ತಿಂಗಳ ಸಂಬಳ ಕೊಟ್ಟೆ. ಇದು ಊರಿಗೆ ಮಾಡಿದ್ದಲ್ವಾ?

ನಷ್ಟ ಹಿಟ್ಟಿನಿಂದ ಆಗಲಿಲ್ಲ. ಒಂದು ದೊಡ್ಡ ಅಂಗಡಿ ಸರಣಿಯವರು ಭಾರೀ ಆರ್ಡರ್ ಕೊಟ್ಟರು, ಅದಕ್ಕಾಗಿ ನೀನು ಸಾಲ ತೆಗೆದೆ, ಮಾಲು ಹೋಯಿತು, ದುಡ್ಡು ಬರಲಿಲ್ಲ. ನಮ್ಮ ಪೇಟೆಯಲ್ಲೂ ವ್ಯಾಪಾರ ಕಮ್ಮಿಯಾಗಿ ಮುಚ್ಚಿದ ಅಂಗಡಿಗಿಂತ ಉದ್ರಿ ವಸೂಲಾಗದೆ ಮುಚ್ಚಿದ್ದೇ ಜಾಸ್ತಿ.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ವಿಮಾನದ ಕಥೆ ನಿನಗೆ ಗೊತ್ತು. ನನಗೆ ಇಷ್ಟವಾಗೋದು ಅದಕ್ಕಿಂತ ಹಿಂದಿನದು. 1971ರ ಯುದ್ಧ ಕಂಡ ಮೇಲೆ ಸೈನ್ಯ ಬಿಟ್ಟು ಬಂದರು. ಮನೆಯ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಟೆಂಟ್ ಹಾಕಿಕೊಂಡು ಬೇಸಾಯಕ್ಕೆ ನಿಂತರು. ಏನೇನೋ ಮಾಡಿ ಕೈ ಸುಟ್ಟುಕೊಂಡ ಮೇಲೆ ರೇಷ್ಮೆ ಕೈ ಹಿಡಿಯಿತು, 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ. ಒಂದು ರೂಪಾಯಿ ಟಿಕೆಟ್. ಪ್ರಚಾರದ ಮುಖವಾಗಿ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ನಷ್ಟ ತಡೆಯಲಾಗದೆ ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯಿತು. 2009ರಲ್ಲಿ ಸರಕು ಸಾಗಿಸೋ ವಿಮಾನ ಶುರು ಮಾಡಿದರು, ಅದೂ ಮುಚ್ಚಿತು.

ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರೋದು ನಿಲ್ಲಿಸಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಮುಷ್ಕರ ಹೂಡಿದ್ದರು. ಎರಡು ಕಡೆಯೂ ಸೋಲೇ. ಆದರೆ ಒಂದರ ಹೆಸರೆತ್ತಿದರೆ ಜನಕ್ಕೆ ಒಂದು ರೂಪಾಯಿ ಟಿಕೆಟ್ ನೆನಪಾಗುತ್ತೆ, ಇನ್ನೊಂದರ ಹೆಸರೆತ್ತಿದರೆ ಬಾರದ ಸಂಬಳ.

ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮಾಡಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತೆ 2013ರ ಕಂಪನಿ ಕಾಯ್ದೆ. ಸಣ್ಣ ಉದ್ಯಮದವರ ಮಾಲು ತಗೊಂಡರೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅನ್ನುತ್ತೆ 2006ರ ಎಂಎಸ್‌ಎಂಇ ಕಾಯ್ದೆ. ಮೊದಲನೆಯದಕ್ಕೆ ಶಾಲು, ಹಾರ, ಫೋಟೋ. ಎರಡನೆಯದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಆದರೂ ಎರಡನೆಯದು ಸರಿಯಾಗಿ ನಡೆದಿದ್ದರೆ ನಿನ್ನ ಒಲೆ ಇವತ್ತೂ ಉರೀತಿತ್ತು. ಹಾಗಾಗಿ ಊರಿಗೆ ಮಾಡೋಕೆ 5 ಕೋಟಿ ಲಾಭ ಬರಲಿ ಅಂತ ಕಾಯಬೇಡ. ನಿನ್ನಿಂದ ಬರಬೇಕಾದವರಿಗೆ ಈಗ ಕೊಡು.

ಹುರಿಯುವ ಹೆಂಗಸರ ಸಂಬಳ ಮೊದಲು. ಆಮೇಲೆ ರಾಗಿ ಕೊಟ್ಟ ರೈತರದ್ದು, ಪೊಟ್ಟಣ ಅಚ್ಚು ಹಾಕಿದವರದ್ದು. ಪೂರ್ತಿ ಆಗದಿದ್ದರೆ ಎದುರಿಗೆ ಹೋಗಿ ತಾರೀಖು ಹೇಳು, ಫೋನ್ ಎತ್ತದೆ ಇರಬೇಡ. ಬ್ಯಾಂಕಿಗೂ ನೀನಾಗಿ ಹೋಗು. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಬೀಳುತ್ತೆ, ಆಮೇಲೆ ಮಾತು ಕಷ್ಟ. ಜಿಎಸ್‌ಟಿ ರದ್ದು ಮಾಡಿಸಿದರೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್, ಜಿಎಸ್‌ಟಿಆರ್-10 ಹಾಕಬೇಕು. ಇದನ್ನು ಸುಮಾರು ಜನ ಮರೀತಾರೆ.

ಬಾಣಲೆ, ಜರಡಿ, ಹಿಟ್ಟಿನ ಗಿರಣಿಯನ್ನು ಗುಜರಿಗೆ ಹಾಕಬೇಡ. ಆ ಹೆಂಗಸರಲ್ಲೇ ಯಾರಾದರೂ ಸ್ವಸಹಾಯ ಸಂಘ ಕಟ್ಟಿಕೊಂಡು ಮುಂದುವರಿಸ್ತಾರಾ ಕೇಳು. ಕಂತಿನಲ್ಲಿ ಕೊಡಲಿ. ಲೇಬಲ್ ಮೇಲೆ ಏನೇನು ಬರೀಬೇಕು, ಲೈಸೆನ್ಸ್ ಹೇಗೆ, ಯಾವ ಅಂಗಡಿಯವರು ಹೊತ್ತಿಗೆ ಸರಿಯಾಗಿ ದುಡ್ಡು ಕೊಡ್ತಾರೆ, ಎಲ್ಲಾ ಬರೆದುಕೊಡು. ನೀನು ಸಾಲ ಮಾಡಿ ಕಲಿತದ್ದು ಅವರಿಗೆ ಪುಕ್ಕಟೆ ಸಿಗಲಿ.

ಆ ಸರಣಿಯವರನ್ನೂ ಬಿಡಬೇಡ. ಸಣ್ಣ ಉದ್ಯಮ ಅಂತ ನಿನ್ನ ಉದ್ಯಮ್ ನೋಂದಣಿ ಇದೆಯಲ್ಲ, ಬಾಕಿ ದುಡ್ಡಿನ ಬಗ್ಗೆ ಸರಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಹಾಕು. ತಡ ಮಾಡಿದ್ದಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳೋ ಹಕ್ಕಿದೆ. ಆರ್ಡರ್ ಪ್ರತಿ, ಇನ್‌ವಾಯ್ಸ್, ಮಾಲು ಮುಟ್ಟಿದ ರಸೀದಿ ಮೂರನ್ನೂ ಸ್ಕ್ಯಾನ್ ಮಾಡಿ ನನಗೂ ಕಳಿಸು. ಭಾನುವಾರ ಅಂಗಡಿ ರಜ, ಕೂತು ನೋಡೋಣ.

ನಿನ್ನ
ಅಪ್ಪ